ಹೊಸ ಕಾರು, ಎರಡು ಪುಟ್ಟ ಮಕ್ಕಳು, ಮಳೆಗಾಲದ ಶಿರಾಡಿ ಘಾಟಿ: ಧರ್ಮಸ್ಥಳಕ್ಕೆ ಹೇಗೆ ಹೋಗೋದು?

ನೆಲಮಂಗಲ_ಕ್ರಾಸ್ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ಕಾರು ಮನೆಗೆ ಬಂದು 12 ದಿನ. ನಾಲ್ಕು ಮೀಟರ್ ಒಳಗಿನ ಎಸ್‌ಯುವಿ, ಪೆಟ್ರೋಲ್, ಎಎಂಟಿ ಗೇರು (ಕ್ಲಚ್ ಪೆಡಲ್ ಇಲ್ಲ, ಗೇರ್ ತಾನಾಗೇ ಬದಲಾಗುತ್ತೆ). ಮೀಟರಲ್ಲಿ 340 ಕಿಮೀ. ಶ್ರಾವಣದಲ್ಲಿ ಕುಕ್ಕೆ, ಧರ್ಮಸ್ಥಳ ಎರಡಕ್ಕೂ ಹೋಗಿ ಗಾಡಿ ಪೂಜೆ ಮಾಡಿಸಬೇಕು ಅಂತ ಅಮ್ಮನ ಆಸೆ. ಐದು ಜನ: ನಾನು, ಹೆಂಡತಿ, ಅಮ್ಮ (68 ವರ್ಷ, ಮಂಡಿ ನೋವು), ಮಗಳು 4 ವರ್ಷ 16 ಕೆಜಿ, ಮಗ 10 ತಿಂಗಳು 9 ಕೆಜಿ.

1. ಇಷ್ಟು ಹೊಸ ಗಾಡಿಯನ್ನ ಫುಲ್ ಲೋಡಲ್ಲಿ ಘಾಟಿ ಹತ್ತಿಸಬಹುದಾ?
2. ಎರಡು ಚೈಲ್ಡ್ ಸೀಟ್ ಹಾಕಿದರೆ ಹಿಂದೆ ಇನ್ನೊಬ್ಬರು ಕೂರೋಕೆ ಆಗುತ್ತಾ? ಯಾರು ಎಲ್ಲಿ ಕೂರಬೇಕು?
3. ಒಂದೇ ದಿನದಲ್ಲಿ ತಲುಪಬೇಕಾ, ನಡುವೆ ಉಳೀಬೇಕಾ?

ಶಿರಾಡಿನೋ ಚಾರ್ಮಾಡಿನೋ ಅನ್ನೋದನ್ನೂ ಹೇಳಿ.

ಹಾಸನ_ಬೈಪಾಸ್

ಶಿರಾಡಿ. ಬೆಳಕಿರುವಾಗ ಇಳಿಯೋ ಹಾಗೆ ಹೊರಡಿ. ಹಾಸನದವರೆಗೆ ಬರೀ ನಾಲ್ಕು ಪಥದ ರಸ್ತೆ, ಅಲ್ಲಿ ಕಷ್ಟ ಏನಿಲ್ಲ. ನಿಮ್ಮ ಪರೀಕ್ಷೆ ಶುರುವಾಗೋದು ಸಕಲೇಶಪುರ ದಾಟಿದ ಮೇಲೆ.

ಸ್ಪ್ಯಾನರ್_14

ಮೊದಲನೇ ಪ್ರಶ್ನೆಗೆ ಉತ್ತರ ಹೇಳ್ತೀನಿ. ಹೊಸ ಗಾಡಿ ಘಾಟಿ ಹತ್ತಬಾರದು ಅನ್ನೋ ಮಾತು ಪೂರ್ತಿ ಸರಿಯಲ್ಲ. ಮೊದಲ 1000 ಕಿಮೀವರೆಗೆ ಎಂಜಿನ್ನಿಗೆ ಆಗದೇ ಇರೋದು ಮೂರು ವಿಷಯ. ಒಂದು, ಆಕ್ಸಿಲರೇಟರನ್ನ ನೆಲಕ್ಕೆ ಒತ್ತೋದು. ಎರಡು, ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡಿಸೋದು. ಮೂರು, ಮೇಲಿನ ಗೇರಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಎಳೆದಾಡಿಸೋದು. ಘಾಟಿಯಲ್ಲಿ ಜನ ಮಾಡೋ ತಪ್ಪು ಈ ಮೂರನೇದು. ಎಎಂಟಿ ತಾನಾಗೇ ಮೂರನೇ ಗೇರಿಗೆ ಹೋಗಿ ಗುಂಯ್ ಅನ್ನುತ್ತೆ, ಎಂಜಿನ್ ನಡುಗುತ್ತೆ. ಆಗ ಮ್ಯಾನ್ಯುಯಲ್ ಮೋಡಿಗೆ ಹಾಕಿ ಎರಡನೇ ಗೇರಲ್ಲಿ 2500ರಿಂದ 3000 ಆರ್‌ಪಿಎಂ ಒಳಗೆ ಇಟ್ಕೊಂಡು ಹತ್ತಿಸಿ.

ಎಂಜಿನ್ನಿಗಿಂತ ನಾನು ಹೆಚ್ಚು ಯೋಚನೆ ಮಾಡೋದು ಬ್ರೇಕು, ಟೈರು. ಹೊಸ ಬ್ರೇಕ್ ಪ್ಯಾಡು ಡಿಸ್ಕಿಗೆ ಸರಿಯಾಗಿ ಕೂರೋಕೆ ಸುಮಾರು 300 ಕಿಮೀ ಬೇಕು. ಹೊಸ ಟೈರಿನ ಮೇಲೆ ಅಚ್ಚಿಂದ ಬಿಡಿಸೋಕೆ ಹಚ್ಚಿದ ಜಾರು ಪದರ ಇರುತ್ತೆ, ಅದು ಸವೆಯೋಕೂ ಹೆಚ್ಚುಕಡಿಮೆ ಅಷ್ಟೇ ದೂರ. ನಿಮ್ಮದು 340 ಆಗಿದೆ. ಆದರೆ ಅದೆಲ್ಲ ಸಿಗ್ನಲ್ ಟ್ರಾಫಿಕ್ಕಲ್ಲೇ ಆಗಿದ್ದರೆ, ಹೊರಡೋ ಮುಂಚೆ ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ ಮೆತ್ತಗೆ, ಒಂದೇ ಸಮನೆ ಬ್ರೇಕ್ ಒತ್ತಿ ಇಳಿಸಿ. ಹತ್ತು ಸಲ ಹೀಗೆ ಮಾಡಿ. ಪ್ರತಿ ಸಲದ ನಡುವೆ ಅರ್ಧ ಕಿಮೀ ಓಡಿಸಿ ತಣಿಯೋಕೆ ಬಿಡಿ.

ಧಾರವಾಡ_ಪೇಡಾ

ಸ್ಪ್ಯಾನರ್ ಅವರೇ, ಫಸ್ಟ್ ಸರ್ವಿಸ್ ಆಗದ ಹೊರತು ಲಾಂಗ್ ಹೋಗಬ್ಯಾಡ್ರಿ ಅಂತ ಶೋರೂಮನ್ಯಾಗ ಹೇಳ್ತಾರಲ್ರಿ. ಅದರಾಗ ಹುರುಳಿಲ್ಲೇನು?

ಸ್ಪ್ಯಾನರ್_14

ಹುರುಳಿದೆ, ಆದರೆ ಅದು ದೂರದ ಲೆಕ್ಕ ಅಷ್ಟೇ. ಹೆಚ್ಚಿನ ಕಂಪನಿಗಳಲ್ಲಿ ಮೊದಲ ತಪಾಸಣೆ 1000 ಕಿಮೀ ಅಥವಾ 1 ತಿಂಗಳು, ಯಾವುದು ಮೊದಲು ಬರುತ್ತೋ ಅದು. ಕೆಲವರದು 1500. ಇವರು 340ರಲ್ಲಿ ಹೊರಟು ಹೋಗಿ ಬಂದರೆ 650ರಿಂದ 700 ಕಿಮೀ. ಅಂದರೆ ವಾಪಸ್ ಬರುವಷ್ಟರಲ್ಲಿ 1000ದ ಆಸುಪಾಸು ಆಗುತ್ತೆ. ಗಾಡಿ ಜೊತೆ ಕೊಟ್ಟ ಮ್ಯಾನ್ಯುಯಲ್ ಪುಸ್ತಕದಲ್ಲಿ ಎಷ್ಟು ಕಿಮೀ ಹೆಚ್ಚುಕಮ್ಮಿ ನಡೆಯುತ್ತೆ ಅಂತ ಬರೆದಿರುತ್ತಾರೆ, ಅದನ್ನ ನೋಡಿ. ನಿಜವಾಗಲೂ ಸುಲಭದ ದಾರಿ ಅಂದರೆ ಹೊರಡೋ ವಾರದ ಮೊದಲೇ ಆ ತಪಾಸಣೆ ಮುಗಿಸಿಬಿಡೋದು. ಆ ಸರ್ವಿಸಲ್ಲಿ ಸಾಮಾನ್ಯವಾಗಿ ಆಯಿಲ್ ಬದಲಿಸಲ್ಲ. ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಮಟ್ಟ, ವ್ಹೀಲ್ ನಟ್ ಬಿಗಿ, ಟೈರ್ ಗಾಳಿ ನೋಡ್ತಾರೆ. ಪ್ರವಾಸಕ್ಕೆ ಮುಂಚೆ ಬೇಕಾಗಿರೋದೂ ಇದೇ ಅಲ್ವಾ?

ಗಾಳಿ ವಿಷಯ ಬಂತಲ್ಲ. ಯಾರ್ಡಲ್ಲಿ ತಿಂಗಳುಗಟ್ಟಲೆ ನಿಲ್ಲೋ ಗಾಡಿಗಳಿಗೆ 40 ಪಿಎಸ್‌ಐ ಮೇಲೆ ತುಂಬಿಟ್ಟಿರುತ್ತಾರೆ. ಎಷ್ಟೋ ಸಲ ಡೆಲಿವರಿ ಕೊಡುವಾಗ ಇಳಿಸೋದನ್ನ ಮರೆತಿರುತ್ತಾರೆ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕ್ಕರ್ ಇದೆ. ಅದರಲ್ಲಿ ಎರಡು ಲೆಕ್ಕ ಇರುತ್ತೆ, ಇಬ್ಬರು ಇದ್ದಾಗ ಒಂದು, ಫುಲ್ ಲೋಡಿಗೆ ಒಂದು. ನಿಮಗೆ ಫುಲ್ ಲೋಡಿಂದು ಬೇಕು. ಬೆಳಗ್ಗೆ ಟೈರ್ ತಣ್ಣಗಿರುವಾಗ ಮನೆ ಹತ್ತಿರದ ಬಂಕಲ್ಲೇ ಹಾಕಿಸಿ. ಹಾಸನದವರೆಗೆ ಓಡಿದ ಮೇಲೆ ನೋಡಿದರೆ ಎರಡು ಮೂರು ಪಿಎಸ್‌ಐ ಜಾಸ್ತಿ ತೋರಿಸುತ್ತೆ. ಅದನ್ನ ನೋಡಿ ಗಾಳಿ ತೆಗೆಸಬೇಡಿ.

ಪುಟ್ಟನ_ಅಮ್ಮ

ಎಂಜಿನ್ ಎಂಜಿನ್ ಅಂತ ಎಲ್ಲ ಅಲ್ಲೇ ನಿಂತಿದ್ದೀರಿ. ಎರಡನೇ ಪ್ರಶ್ನೆ ಮುಖ್ಯ.

10 ತಿಂಗಳ ಮಗು ಹಿಂದಕ್ಕೆ ಮುಖ ಮಾಡಿ ಕೂರಬೇಕು. ಆರ್129 ಅನ್ನೋ ಚೈಲ್ಡ್ ಸೀಟ್ ಸುರಕ್ಷತಾ ನಿಯಮದ ಸೀಟುಗಳಲ್ಲಿ ಕನಿಷ್ಠ 15 ತಿಂಗಳವರೆಗೆ ಹಿಮ್ಮುಖ ಕಡ್ಡಾಯ. ಅದಕ್ಕಿಂತ ಹಳೆಯ ನಿಯಮವಾದ ಆರ್44 ಗುರುತಿನ ಸೀಟಾದರೆ 13 ಕೆಜಿವರೆಗಿನ 0+ ಗುಂಪಿನದು ನೋಡಿ. ಕಾರಣ ಸರಳ: ಈ ವಯಸ್ಸಲ್ಲಿ ತಲೆ ಭಾರ, ಕತ್ತು ಎಳಸು. ಮುಂದಿನಿಂದ ಗುದ್ದಿದಾಗ ಹಿಮ್ಮುಖ ಸೀಟಾದರೆ ಆ ಪೆಟ್ಟು ಬೆನ್ನು ತಲೆ ಎಲ್ಲಕ್ಕೂ ಹಂಚಿ ಹೋಗುತ್ತೆ. 16 ಕೆಜಿ ಮಗಳಿಗೆ ಐದು ಪಟ್ಟಿಯ ಬೆಲ್ಟಿರೋ ಮುಮ್ಮುಖ ಸೀಟು. ಆರ್44 ಲೆಕ್ಕದಲ್ಲಿ ಅದು 9ರಿಂದ 18 ಕೆಜಿ ಗುಂಪು. ಅವಳು ಬೇಗ 18 ದಾಟುತ್ತಾಳೆ, ಹಾಗಾಗಿ ಮುಂದೆ ಬೂಸ್ಟರ್ (ಗಾಡಿಯ ಬೆಲ್ಟ್ ಸರಿಯಾಗಿ ಬರೋ ಹಾಗೆ ಮಗುವನ್ನ ಎತ್ತರಿಸೋ ಸೀಟು) ಆಗಿ ಬದಲಾಗೋ ಸೀಟು ತಗೊಳ್ಳಿ, ದುಡ್ಡು ಉಳಿಯುತ್ತೆ.

ಜಾಗದ ಲೆಕ್ಕ: ಒಂದೊಂದು ಸೀಟು ಸುಮಾರು 44 ಸೆಂಮೀ ಅಗಲ. ಎರಡು ಸೇರಿ 88. ನಿಮ್ಮ ಅಳತೆಯ ಗಾಡಿಗಳಲ್ಲಿ ಹಿಂದಿನ ಸೀಟು 125ರಿಂದ 130. ನಡುವೆ ಉಳಿಯೋದು 40 ಸೆಂಮೀ. ಸಣ್ಣ ಮೈಯವರು ಕೂರಬಹುದು, ಆದರೆ ಬೆಲ್ಟಿನ ಬಕಲ್ ಚೈಲ್ಡ್ ಸೀಟಿನ ಅಡಿಗೆ ಸಿಕ್ಕಿಕೊಳ್ಳುತ್ತೆ. ಟೇಪ್ ಹಿಡಿದು ಅಳೆದು ನೋಡದೆ ಸೀಟ್ ಆರ್ಡರ್ ಮಾಡಬೇಡಿ.

ಧಾರವಾಡ_ಪೇಡಾ

ಮೇಡಂ, ಒಂದು ದಿನದ ದಾರಿಗೆ ಎರಡು ಸೀಟು ಖರೀದಿ ಮಾಡೋದು ಭಾಳ ಆತ್ರಿ. ಅಜ್ಜಿ ತೊಡೆ ಮ್ಯಾಲ ಕೂಸು ಆರಾಮ ಮಲಗತದ. ಅಳೂದೂ ಇಲ್ಲ.

ಮಕ್ಕಳ_ವಾರ್ಡ್

ದಯವಿಟ್ಟು ಹಾಗೆ ಹೇಳಬೇಡಿ. ಲೆಕ್ಕ ಮಾಡಿ ನೋಡಿ: 50 ಕಿಮೀ ವೇಗದ ಗಾಡಿ 0.1 ಸೆಕೆಂಡಲ್ಲಿ ನಿಂತರೆ 9 ಕೆಜಿ ಮಗು ಸುಮಾರು 125 ಕೆಜಿ ಬಲದಲ್ಲಿ ಮುಂದಕ್ಕೆ ಎಳೆಯುತ್ತೆ. 68 ವರ್ಷದ ಅಜ್ಜಿ ಹಾಗಿರಲಿ, ಪೈಲ್ವಾನನ ಕೈಯಲ್ಲೂ ನಿಲ್ಲಲ್ಲ. ಅಜ್ಜಿ ಬೆಲ್ಟಿನೊಳಗೇ ಮಗುವನ್ನೂ ಸೇರಿಸಿ ಕಟ್ಟಿದರೆ ಇನ್ನೂ ಕೆಟ್ಟದ್ದು, ಅಜ್ಜಿಯ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತೆ. ಮುಂದಿನ ಸೀಟಲ್ಲಿ ಮಡಿಲಲ್ಲಿ ಕೂರಿಸೋದಂತೂ ಬೇಡವೇ ಬೇಡ, ಏರ್‌ಬ್ಯಾಗ್ ನೇರವಾಗಿ ಮಗುವಿನ ತಲೆಗೆ ಬರುತ್ತೆ. ಹಿಮ್ಮುಖ ಸೀಟನ್ನು ಆನ್ ಆಗಿರೋ ಏರ್‌ಬ್ಯಾಗಿನ ಮುಂದೆ ಇಡಬಾರದು ಅನ್ನೋದೂ ಇದೇ ಕಾರಣಕ್ಕೆ.

ಟೋಲ್_ಲೆಕ್ಕ

ಕಾನೂನೂ ಅದೇ ಹೇಳುತ್ತೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಬಂದ 194ಬಿ ಕಲಂ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದಿದ್ದರೆ 1000 ರೂ. ದಂಡ. ದೊಡ್ಡವರು ಬೆಲ್ಟ್ ಹಾಕದಿದ್ದರೂ ಅಷ್ಟೇ, ಹಿಂದಿನ ಸೀಟೂ ಸೇರಿ.

ಧಾರವಾಡ_ಪೇಡಾ

ಒಪ್ಪಿದೆ ವಾರ್ಡ್ ಅವರ. ಆ 125 ಕೆಜಿ ಲೆಕ್ಕ ತಲ್ಯಾಗ ಬಂದಿರಲಿಲ್ಲ. ಹಂಗಾದ್ರ ಬಾಡಿಗೆಗೆ ಸೀಟ್ ಸಿಗ್ತಾವೇನ್ರಿ ಬೆಂಗಳೂರಾಗ?

ಪುಟ್ಟನ_ಅಮ್ಮ

ಸಿಗುತ್ತೆ. ಆದರೆ ಬಾಡಿಗೆ ಇರಲಿ, ಸೆಕೆಂಡ್ ಹ್ಯಾಂಡ್ ಇರಲಿ, ತಗೊಳ್ಳುವಾಗ ಅಡಿಯಲ್ಲಿರೋ ತಯಾರಿಕಾ ದಿನಾಂಕ, ಆರ್44 ಅಥವಾ ಆರ್129ರ ಕಿತ್ತಳೆ ಚೀಟಿ, ಪಟ್ಟಿ ಹರಿದಿಲ್ಲ ಅನ್ನೋದು ನೋಡಿ. ಅಪಘಾತದಲ್ಲಿದ್ದ ಸೀಟು ನೋಡೋಕೆ ಸರಿಯಿದ್ದರೂ ಬಳಸಬಾರದು.

ಕೂರಿಸೋ ಕ್ರಮ ಹೇಳ್ತೀನಿ, ಇಲ್ಲೇ ಹೆಚ್ಚು ತಪ್ಪಾಗೋದು.

ಐಸೋಫಿಕ್ಸ್ (ಚೈಲ್ಡ್ ಸೀಟನ್ನ ಬೆಲ್ಟ್ ಇಲ್ಲದೆ ಸಿಕ್ಕಿಸೋಕೆ ಗಾಡಿಯ ಸೀಟಲ್ಲೇ ಇರೋ ಕೊಂಡಿ) ಇದ್ದರೆ ಎರಡೂ ಕೊಕ್ಕೆ ಕ್ಲಿಕ್ ಅಂದು ಹಸಿರು ಗುರುತು ಬರಬೇಕು. ಮುಮ್ಮುಖ ಸೀಟಿನ ಮೇಲ್ಪಟ್ಟಿಯನ್ನ ಹಿಂಬದಿಯ ಕೊಂಡಿಗೇ ಸಿಕ್ಕಿಸಿ, ಲಗೇಜ್ ಕಟ್ಟೋ ಕೊಕ್ಕೆಗಲ್ಲ. ಎರಡೂ ಒಂದೇ ಥರ ಕಾಣುತ್ತೆ. ಮಗು, ಸೀಟು ಎರಡರ ತೂಕ ಸೇರಿ 33 ಕೆಜಿ ಐಸೋಫಿಕ್ಸಿನ ಮಿತಿ. ಕಾಲು ಕೊಟ್ಟು ನಿಲ್ಲೋ ಬೇಸ್ ಆದರೆ ಆ ಕಾಲು ಗಟ್ಟಿ ನೆಲಕ್ಕೆ ತಾಗಬೇಕು, ಮ್ಯಾಟಿನ ಅಡಿ ಟೊಳ್ಳು ಡಬ್ಬಿ ಇರೋ ಗಾಡಿಯಲ್ಲಿ ಅದು ನಡೆಯಲ್ಲ. ಬೆಲ್ಟಲ್ಲಿ ಕಟ್ಟೋ ಸೀಟಾದರೆ ಮಂಡಿ ಊರಿ ಸೀಟನ್ನ ಅದುಮಿ ಬೆಲ್ಟ್ ಎಳೀರಿ. ಆಮೇಲೆ ಬೆಲ್ಟ್ ಹಾದು ಹೋಗೋ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಒಂದು ಇಂಚಿಗಿಂತ ಹೆಚ್ಚು ಅಲ್ಲಾಡಿದರೆ ಬಿಚ್ಚಿ ಮತ್ತೆ ಕಟ್ಟಬೇಕು.

ಭುಜದ ಪಟ್ಟಿ ಹಿಮ್ಮುಖದಲ್ಲಿ ಭುಜದ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗಿಂದ, ಮುಮ್ಮುಖದಲ್ಲಿ ಭುಜದ ಮಟ್ಟ ಅಥವಾ ಸ್ವಲ್ಪ ಮೇಲಿಂದ ಬರಬೇಕು. ಬಿಗಿದ ಮೇಲೆ ಭುಜದ ಹತ್ತಿರ ಪಟ್ಟಿಯನ್ನ ಚಿವುಟಿ ನೋಡಿ, ಮಡಿಕೆ ಬೆರಳಿಗೆ ಸಿಕ್ಕರೆ ಸಡಿಲ ಅಂತ ಅರ್ಥ. ಘಾಟಿ ಚಳಿ ಅಂತ ದಪ್ಪ ಸ್ವೆಟರ್ ಹಾಕಿ ಅದರ ಮೇಲೆ ಪಟ್ಟಿ ಬಿಗಿಯಬೇಡಿ. ಪಟ್ಟಿ ಬಿಗಿದು ಮೇಲಿಂದ ಶಾಲು ಹೊದಿಸಿ.

ನೆಲಮಂಗಲ_ಕ್ರಾಸ್

ಈಗ ಟೇಪ್ ಹಿಡಿದು ಅಳೆದೆ. ಬಾಗಿಲಿಂದ ಬಾಗಿಲಿಗೆ 128 ಬಂತು. ನಡುವಿನ ಸೀಟಿಗೂ ಮೂರು ಬಿಂದುವಿನ ಬೆಲ್ಟ್ ಇದೆ. ಅಮ್ಮ ಮುಂದೆ, ಹೆಂಡತಿ ಹಿಂದೆ ನಡುವೆ ಅಂತ ಯೋಚನೆ. ಸರಿನಾ? ಮಗುವಿನ ಸೀಟು ಯಾವ ಕಡೆಗೆ?

ಪುಟ್ಟನ_ಅಮ್ಮ

ಅಮ್ಮ ಮುಂದೆ ಕೂರೋದೇ ಸರಿ, ಮಂಡಿ ಮಡಚಿ ಒಳಗೆ ನುಗ್ಗೋ ಕಷ್ಟ ಇರಲ್ಲ. ಮಗುವಿನ ಹಿಮ್ಮುಖ ಸೀಟು ಎಡಗಡೆ, ಅಂದರೆ ಅಮ್ಮನ ಹಿಂದೆ. ಫುಟ್‌ಪಾತ್ ಕಡೆ ನಿಂತೇ ಎತ್ತಿ ಇಳಿಸಬಹುದು. ಹಿಮ್ಮುಖ ಸೀಟು ಮುಂದಿನವರ ಕಾಲು ಜಾಗ ತಿನ್ನುತ್ತೆ, ಹಾಗಾಗಿ ಮುಂದೆ ಕೂರೋ ಇಬ್ಬರಲ್ಲಿ ಯಾರು ಗಿಡ್ಡವೋ ಅವರ ಹಿಂದೆ ಇಟ್ಟರೆ ಒಳ್ಳೇದು.

ಮಕ್ಕಳ_ವಾರ್ಡ್

ಅಲ್ಲಿ ಒಂದು ಸಮಸ್ಯೆ ಇದೆ ಮೇಡಂ. ಅಜ್ಜಿಗೆ ಮಂಡಿ ನೋವು ಅಂದಿದ್ದಾರೆ. ಅವರ ಸೀಟನ್ನ ಮುಂದಕ್ಕೆ ತಳ್ಳಿ ಆರು ಗಂಟೆ ಮಂಡಿ ಮಡಚಿ ಕೂರಿಸಿದರೆ ಇಳಿಯುವಾಗ ನಿಲ್ಲೋಕೇ ಆಗಲ್ಲ. ಮೊದಲು ಅಜ್ಜಿಯನ್ನ ಆರಾಮಾಗಿ ಕೂರಿಸಿ, ಆಮೇಲೆ ಹಿಂದೆ ಮಗುವಿನ ಸೀಟು ಕೂರುತ್ತಾ ನೋಡಿ. ಕೂರದಿದ್ದರೆ ಅಕ್ಕ ಎಡಕ್ಕೆ, ಮಗು ಡ್ರೈವರ್ ಹಿಂದೆ.

ಪುಟ್ಟನ_ಅಮ್ಮ

ಸರಿ ಹೇಳಿದ್ರಿ, ಮಂಡಿ ನೋವಿನ ಮಾತು ಮರೆತೆ. ಹಾಗಾದರೆ ಒಂದು ವಾರ ಮುಂಚೆಯೇ ಎರಡೂ ಸೀಟು ಕಟ್ಟಿ, ಐದೂ ಜನ ಕೂತು ಕುಣಿಗಲ್‌ವರೆಗೆ ಹೋಗಿ ಬನ್ನಿ. ಮಗು ಆ ಸೀಟಿಗೆ ಹೊಂದಿಕೊಳ್ಳೋಕೂ ಸಮಯ ಸಿಗುತ್ತೆ. ಹೊರಡೋ ದಿನವೇ ಮೊದಲ ಸಲ ಕೂರಿಸಿದರೆ ಯಡಿಯೂರು ಬರೋದರೊಳಗೆ ಯಾರಾದರೂ ಒಬ್ಬರು ಪಟ್ಟಿ ಬಿಚ್ಚಿ ಎತ್ಕೊಂಡಿರುತ್ತಾರೆ.

ಸ್ಪ್ಯಾನರ್_14

ಸೀಟಿನ ವಿಷಯಕ್ಕೇ ಸೇರಿದ ಎರಡು ಮಾತು. ಶೋರೂಮಿನ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿಲ್ಲ ಅಂದರೆ ತೆಗೆದುಬಿಡಿ. ಚೈಲ್ಡ್ ಸೀಟು ಅದರ ಮೇಲೆ ಜಾರುತ್ತೆ, ಬಿಸಿಲಿಗೆ ವಾಸನೆ ಎಬ್ಬಿಸುತ್ತೆ. ಸೀಟ್ ಕವರ್ ಹೊಲಿಸಿದ್ದರೆ ಪಕ್ಕದ ಏರ್‌ಬ್ಯಾಗ್ ಇರೋ ಕಡೆ ಹೊಲಿಗೆ ಬಿಚ್ಚಿಕೊಳ್ಳೋ ಥರದ್ದೇ ಇರಬೇಕು. ಸಾಧಾರಣ ರೆಕ್ಸಿನ್ ಕವರ್ ಆ ಏರ್‌ಬ್ಯಾಗನ್ನ ತಡೆಯುತ್ತೆ. ಹಾಗೇ ಕಂಪನಿ ಮ್ಯಾಟಿನ ಮೇಲೆ ಇನ್ನೊಂದು ದಪ್ಪ ಮ್ಯಾಟ್ ಹಾಕಿ ಕೊಟ್ಟಿದ್ದರೆ ಡ್ರೈವರ್ ಕಡೆ ಒಂದನ್ನ ತೆಗೀರಿ. ಮೇಲಿನ ಮ್ಯಾಟ್ ಜಾರಿ ಪೆಡಲ್ ಅಡಿಗೆ ಹೋದರೆ ಘಾಟಿಯಲ್ಲಿ ಬ್ರೇಕ್ ಪೂರ್ತಿ ಇಳಿಯಲ್ಲ.

ಕಾಫಿ_ತೋಟ

ಪೂಜೆ ಬಗ್ಗೆ ಒಂದು ವಿನಂತಿ. ಹಾರ ಹಾಕಿ, ಕುಂಕುಮ ಇಡಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ, ಎಲ್ಲ ಮಾಡಿ. ಆದರೆ ಪೂಜೆ ಮುಗಿದ ಮೇಲೆ ಹಾರ ತೆಗೆದೇ ಹೊರಡಿ. ದಪ್ಪ ಹಾರ ರೇಡಿಯೇಟರ್ ಗಾಳಿಗೆ ಅಡ್ಡ ಬರುತ್ತೆ, ಮುಂದೆ ರೇಡಾರ್ ಇರೋ ಗಾಡಿಯಾದರೆ ಅದನ್ನೂ ಮುಚ್ಚುತ್ತೆ. ಗಾಜಿನ ಮೇಲೆ ಕನ್ನಡಿ ಹಿಂದಿರೋ ಕ್ಯಾಮೆರಾ ಜಾಗಕ್ಕೆ ಕುಂಕುಮ, ಗಂಧ ಬೇಡ. ಗಣೇಶನ ಮೂರ್ತಿಯನ್ನ ಎಡಗಡೆ ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಬೇಡಿ, ಅದರಡಿಯೇ ಏರ್‌ಬ್ಯಾಗ್ ಮುಚ್ಚಳ ಇರೋದು. ಅಜ್ಜಿ ಕೂರೋದೂ ಅದೇ ಸೀಟಲ್ಲಿ.

ಘಟ್ಟದ_ಕೆಳಗಿನವ

ರಸ್ತೆ ಬಗ್ಗೆ ನಾನು ಹೇಳ್ತೇನೆ ಮಾರಾಯ್ರೆ. ಮಳೆಗಾಲದಲ್ಲಿ ಶಿರಾಡಿ ಯಾವಾಗ ಬಂದ್ ಆಗ್ತದೆ ಅಂತ ಹೇಳ್ಲಿಕ್ಕೆ ಬರುದಿಲ್ಲ. 2024ರ ಜುಲೈಯಲ್ಲಿ ಸಕಲೇಶಪುರದ ಹತ್ರ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿತ್ತು. ದೋಣಿಗಾಲ್ ಕಡೆಯೂ ಮಣ್ಣು ಸಡಿಲ ಉಂಟು. ಹೊರಡುವ ಹಿಂದಿನ ಸಂಜೆ ಹಾಸನ, ದಕ್ಷಿಣ ಕನ್ನಡ ಎರಡೂ ಜಿಲ್ಲೆಯ ಪೊಲೀಸರ ಪ್ರಕಟಣೆ ನೋಡಿ. ಮ್ಯಾಪ್‌ನಲ್ಲಿ ನೀಲಿ ಗೆರೆ ತೋರಿಸ್ತದೆ ಅಂತ ನಂಬಿ ಹೊರಡಬೇಡಿ.

ಮೊದಲು ಕುಕ್ಕೆ ಮಾಡಿ. ಮಾರನಹಳ್ಳಿ ದಾಟಿ ಘಾಟಿ ಇಳಿದ್ರೆ ಗುಂಡ್ಯ. ಅಲ್ಲಿಂದ ಎಡಕ್ಕೆ ಕುಕ್ಕೆ ಸುಮಾರು 20 ಕಿಮೀ. ಕುಕ್ಕೆಯಿಂದ ಧರ್ಮಸ್ಥಳ ಸುಮಾರು 55. ವಾಪಸ್ ಬರುವಾಗ ಧರ್ಮಸ್ಥಳದಿಂದ ಕೊಕ್ಕಡ, ಪೆರಿಯಶಾಂತಿಗೆ ಬಂದ್ರೆ ಹೈವೇ ಸಿಗ್ತದೆ. ಹೋದ ದಾರಿಯನ್ನೇ ತಿರುಗಿ ತುಳಿಯುವ ಅಗತ್ಯ ಇಲ್ಲ.

ಕಾಫಿ_ತೋಟ

ಚಾರ್ಮಾಡಿಯನ್ನ ಯಾಕೆ ಬಿಟ್ರಿ? ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಉಜಿರೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಬಹುದು. ಬೇಲೂರು ಹಾದಿಯಲ್ಲೇ ಸಿಗುತ್ತೆ, 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ದೇವಸ್ಥಾನ. ಟ್ರಕ್ಕುಗಳ ಕಾಟವೂ ಶಿರಾಡಿಗಿಂತ ಕಡಿಮೆ.

ಘಟ್ಟದ_ಕೆಳಗಿನವ

ಬೇಸಿಗೆಯಲ್ಲಾದ್ರೆ ನಾನೂ ಚಾರ್ಮಾಡಿ ಅಂತಲೇ ಹೇಳ್ತಿದ್ದೆ. ಶ್ರಾವಣದಲ್ಲಿ ಅಲ್ಲಿ ಮಂಜು ಇಳಿದ್ರೆ ಹತ್ತು ಮೀಟರ್ ಮುಂದೆ ಎಂತದೂ ಕಾಣುದಿಲ್ಲ. ತಿರುವುಗಳು ಬಿಗಿ, ರಸ್ತೆ ಕಿರಿದು. ವಾಂತಿ ಮಾಡುವ ವಯಸ್ಸಿನ ಮಗು ಇರುವಾಗ ಆ ತಿರುವು ಯಾಕೆ? ಶಿರಾಡಿ ತಿರುವು ಅಷ್ಟು ಬಿಗಿ ಇಲ್ಲ. ಎರಡರಲ್ಲೂ ಒಂದು ಮಾತು: ಜಲಪಾತ ಕಂಡ್ತು ಅಂತ ಘಾಟಿಯಲ್ಲಿ ಗಾಡಿ ನಿಲ್ಲಿಸಬೇಡಿ. ಮಳೆಗೆ ಮೇಲಿಂದ ಕಲ್ಲು ಉರುಳ್ತದೆ, ಹಿಂದಿನಿಂದ ಬರುವವನಿಗೆ ನೀವು ಕಾಣುದೂ ಇಲ್ಲ.

ಕಾಫಿ_ತೋಟ

ವಾಂತಿಯ ವಿಷಯ ಹೇಳಿದಿರಿ ನೋಡಿ, ಅದನ್ನ ಒಪ್ಪಿದೆ. ನೀರುದೋಸೆ ಡಿಸೆಂಬರ್‌ಗೆ ಇಟ್ಕೊಳ್ಳಿ.

ಸ್ಪ್ಯಾನರ್_14

ಘಾಟಿ ಇಳಿಯೋ ಕ್ರಮ, ಎಎಂಟಿ ಇಟ್ಕೊಂಡವರಿಗೆ: ಇಳಿಜಾರು ಶುರುವಾಗೋ ಮುಂಚೆಯೇ ಮ್ಯಾನ್ಯುಯಲ್ ಮೋಡ್, ಎರಡನೇ ಅಥವಾ ಮೂರನೇ ಗೇರು. ಬ್ರೇಕ್ ಮೇಲೆ ಕಾಲು ಇಟ್ಟೇ ಇಳಿದರೆ ಪ್ಯಾಡು ಕಾದು ಹಿಡಿತ ಹೋಗುತ್ತೆ. ಸುಟ್ಟ ವಾಸನೆ ಬಂದರೆ ಅದೇ ಲಕ್ಷಣ. ವೇಗ ಏರಿತು ಅನ್ನಿಸಿದಾಗ ಗಟ್ಟಿಯಾಗಿ ಒತ್ತಿ ಇಳಿಸಿ, ಕಾಲು ತೆಗೀರಿ. ನ್ಯೂಟ್ರಲ್ ಬೇಡ.

ಏರಿನಲ್ಲಿ ಟ್ರಾಫಿಕ್ ನಿಂತಾಗ ಆಕ್ಸಿಲರೇಟರ್ ಒತ್ತಿ ಗಾಡಿಯನ್ನ ಅಲ್ಲೇ ಹಿಡಿದಿಡೋದು ಎಎಂಟಿಯ ದೊಡ್ಡ ಶತ್ರು. ಒಳಗಿರೋದು ಮಾಮೂಲಿ ಕ್ಲಚ್ಚೇ, ಅರ್ಧ ಹಿಡಿದು ಉಜ್ಜಿ ಕಾಯುತ್ತೆ. ಡ್ಯಾಶ್‌ಬೋರ್ಡಲ್ಲಿ ಎಚ್ಚರಿಕೆ ಬಂದು ಗಾಡಿ ಎಳೆಯೋದೇ ನಿಲ್ಲಿಸಬಹುದು. ಬ್ರೇಕ್ ಒತ್ತಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ. ಹೊರಡುವಾಗ ಎಂಜಿನ್ ಎಳೆಯೋಕೆ ಶುರುಮಾಡಿದ್ದು ಗೊತ್ತಾದ ಮೇಲೆ ಹ್ಯಾಂಡ್‌ಬ್ರೇಕ್ ಬಿಡಿ. ಏರುತ್ತಿರೋ ಗಾಡಿಗೆ ದಾರಿ ಬಿಡಬೇಕು ಅನ್ನೋದು 2017ರ ಚಾಲನಾ ನಿಯಮದಲ್ಲೂ ಇದೆ, ಇಳಿಯುವಾಗ ನೆನಪಿಟ್ಕೊಳ್ಳಿ.

ಹಾಸನ_ಬೈಪಾಸ್

ಮಂಜಲ್ಲಿ ಹೆಡ್‌ಲೈಟ್ ಡಿಪ್ಪಲ್ಲಿ ಇಡಿ. ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತೆ. ನಾಲ್ಕೂ ಇಂಡಿಕೇಟರ್ ಮಿಟುಕಿಸಿಕೊಂಡು ಓಡಿಸೋದು ಬೇಡ ಸಾರ್, ನೀವು ಯಾವ ಕಡೆ ತಿರುಗ್ತೀರ ಅಂತ ಹಿಂದಿನವನಿಗೆ ಗೊತ್ತಾಗಲ್ಲ. ಗಾಜು ಒಳಗಿಂದ ಮಸುಕಾದರೆ ಎಸಿ ಆನ್ ಮಾಡಿ ಗಾಳಿಯನ್ನ ಗಾಜಿಗೆ ತಿರುಗಿಸಿ. ಐದು ಜನರ ಉಸಿರಿಗೆ ಎರಡು ನಿಮಿಷದಲ್ಲಿ ಮಸುಕಾಗುತ್ತೆ.

ಟೋಲ್_ಲೆಕ್ಕ

ಫಾಸ್ಟ್ಯಾಗ್ ಬಗ್ಗೆ ಯಾರೂ ಕೇಳಿಲ್ಲ, ಹೊಸ ಗಾಡಿಯವರು ಸಿಕ್ಕಿಬೀಳೋದೇ ಇಲ್ಲಿ. ಶೋರೂಮಲ್ಲಿ ಟ್ಯಾಗನ್ನ ಚಾಸಿ ನಂಬರಿಗೆ ಜೋಡಿಸಿ ಅಂಟಿಸಿರುತ್ತಾರೆ. ನೋಂದಣಿ ಸಂಖ್ಯೆ ಬಂದ ಮೇಲೆ ಟ್ಯಾಗ್ ಕೊಟ್ಟ ಬ್ಯಾಂಕಿನ ಆ್ಯಪಲ್ಲಿ ಆರ್‌ಸಿ ಹಾಕಿ ಅದನ್ನ ಬದಲಿಸಬೇಕು, ಅದಕ್ಕೆ 90 ದಿನದ ಗಡುವು. ಟೋಲಿನ ವಾರ್ಷಿಕ ಪಾಸ್ ಬೇಕು ಅಂದರಂತೂ ಚಾಸಿ ನಂಬರಿನ ಟ್ಯಾಗಿಗೆ ಅದು ಸಿಗೋದೇ ಇಲ್ಲ.

ಆ ಪಾಸ್ 2025ರ ಆಗಸ್ಟ್ 15ರಿಂದ ಬಂದಿದ್ದು. ಶುರುವಾದಾಗ 3000 ರೂ., 200 ಸಲ ದಾಟೋದು ಅಥವಾ ಒಂದು ವರ್ಷ. ಹಾಸನದವರೆಗೆ ದೊಡ್ಡಕರೇನಹಳ್ಳಿ, ಕಾರಬೈಲು, ಶಾಂತಿಗ್ರಾಮ ಅಂತ ಮೂರು ಟೋಲ್. ಹೋಗಿ ಬಂದರೆ ಆರು ಲೆಕ್ಕ. ವರ್ಷಕ್ಕೆ ಎರಡೇ ಸಲ ಊರಿಗೆ ಹೋಗೋರಾದರೆ ಪಾಸ್ ಗಿಟ್ಟಲ್ಲ. ಟ್ಯಾಗ್ ಕೆಲಸ ಮಾಡದಿದ್ದರೆ ಯುಪಿಐಗೆ ಒಂದೂಕಾಲು ಪಟ್ಟು. ಇದು 2025ರ ನವೆಂಬರ್ 15ರಿಂದ.

ರೈಲ್ವೆ_ಗೇಟ್

ಇಷ್ಟೆಲ್ಲ ತಲೆಬಿಸಿ ಯಾಕೆ? ಯಶವಂತಪುರದಿಂದ ಹಗಲು ರೈಲಲ್ಲಿ ಸುಬ್ರಹ್ಮಣ್ಯ ರೋಡ್‌ವರೆಗೆ ಹೋಗಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿಮೀಯಲ್ಲಿ 57 ಸುರಂಗ ಇದಾವೆ, ಮಕ್ಕಳು ಕಿಟಕಿ ಬಿಟ್ಟು ಕದಲಲ್ಲ. 2021ರಿಂದ ದೊಡ್ಡ ಗಾಜಿನ ವಿಸ್ಟಾಡೋಮ್ ಬೋಗಿಯೂ ಇದೆ.

ಹಾಸನ_ಬೈಪಾಸ್

ರೈಲಿಗೆ ಗಾಡಿ ಪೂಜೆ ಮಾಡಿಸೋಕಾಗಲ್ಲವಲ್ಲ ಗುರುಗಳೇ, ಅಜ್ಜಿಯ ಆಸೆಯೇ ಅದು. ಮಕ್ಕಳಿಗೆ ಆ ರೈಲು ಇನ್ನೊಂದು ಸಲ ತೋರಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಮಕ್ಕಳ_ವಾರ್ಡ್

ಹೊಟ್ಟೆ, ಔಷಧಿ ವಿಷಯ ಬರೀತೀನಿ.

ದಾರಿಯ ವಾಂತಿ ಎರಡು ವರ್ಷದೊಳಗಿನ ಮಕ್ಕಳಲ್ಲಿ ಕಡಿಮೆ. ನಿಮ್ಮ ಮಗಳದ್ದೇ ಕಾಡೋ ವಯಸ್ಸು. ಘಾಟಿಗೆ ಒಂದೂವರೆ ಗಂಟೆ ಮುಂಚೆ ತಿಂಡಿ ಮುಗಿದಿರಬೇಕು. ಹಾಸನದಲ್ಲಿ ಇಡ್ಲಿ ಕೊಡಿ. ಪೂರಿ, ಒಂದು ಲೋಟ ಹಾಲು ಬೇಡ. ಸಕಲೇಶಪುರದಿಂದ ಮೊಬೈಲ್, ಚಿತ್ರದ ಪುಸ್ತಕ ಎರಡೂ ಬಂದ್. ಕಣ್ಣು ಹತ್ತಿರದ್ದನ್ನ ನೋಡ್ತಿರುತ್ತೆ, ಒಳಗಿವಿ ದೇಹ ತಿರುಗ್ತಿದೆ ಅನ್ನುತ್ತೆ. ಎರಡಕ್ಕೂ ತಾಳೆಯಾಗದೆ ವಾಂತಿ ಬರೋದು. ಮುಂದಿನ ಗಾಜಿನಾಚೆ ದೂರದ ಲಾರಿ ಎಣಿಸೋ ಆಟ ಆಡಿಸಿ. ಹೊಸ ಕಾರಿನ ವಾಸನೆಯೂ ಹೊಟ್ಟೆ ತೊಳಸುತ್ತೆ, ಹೊರಡೋ ಹಿಂದಿನ ದಿನಗಳಲ್ಲಿ ಕಿಟಕಿ ತೆಗೆದಿಟ್ಟು ಗಾಳಿಯಾಡಿಸಿ. ಕಾರೊಳಗೆ ಪರ್ಫ್ಯೂಮ್ ಡಬ್ಬಿ ಬೇಡ. ಮಾತ್ರೆ ಸಿರಪ್ ಏನಿದ್ದರೂ ನಿಮ್ಮ ಮಕ್ಕಳ ಡಾಕ್ಟರನ್ನ ಕೇಳಿಯೇ ಕೊಡಿ. ವಾಂತಿಗೆ ಕೊಡೋ ಪ್ರೊಮೆಥಜೈನ್ ಎರಡು ವರ್ಷದೊಳಗಿನವರಿಗೆ ಕೊಡಲೇಬಾರದು, ಅಕ್ಕನ ಸಿರಪ್ ತಮ್ಮನಿಗೆ ಹಾಕೋ ತಪ್ಪು ಆಗದಿರಲಿ.

ಜ್ವರದ ಪ್ಯಾರಾಸಿಟಮಾಲ್‌ನಲ್ಲೂ ಎಚ್ಚರ. ಡ್ರಾಪ್ಸ್ ಒಂದು ಎಂಎಲ್‌ಗೆ 100 ಎಂಜಿ, ಸಿರಪ್ ಐದು ಎಂಎಲ್‌ಗೆ 125 ಅಥವಾ 250 ಎಂಜಿ. ಡ್ರಾಪ್ಸನ್ನ ಸಿರಪ್ ಚಮಚದಲ್ಲಿ ಹಾಕಿದರೆ ಡೋಸ್ ಹಲವು ಪಟ್ಟು ಏರುತ್ತೆ. ತೂಕ ನೋಡಿ ಡಾಕ್ಟರ್ ಬರೆದ ಪ್ರಮಾಣವನ್ನ ಬಾಟಲಿಗೇ ಅಂಟಿಸಿಡಿ. ಒಆರ್‌ಎಸ್ ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಅರ್ಧ ಪೊಟ್ಟಣ ಅಂದಾಜಲ್ಲಿ ಕಲಸಬೇಡಿ.

ಪುಟ್ಟನ_ಅಮ್ಮ

ಊಟಕ್ಕೆ: ಮಗುವಿಗೆ ರಾಗಿ ಸರಿ ಪುಡಿ ತಗೊಂಡು ಹೋಗಿ, ಆದರೆ ಫ್ಲಾಸ್ಕಿನ ನೀರು ಅದನ್ನ ಬೇಯಿಸೋಷ್ಟು ಬಿಸಿ ಇರಲ್ಲ. ಹುರಿದು ಪುಡಿ ಮಾಡಿದ ಹಿಟ್ಟಾದರೆ ನಡೆಯುತ್ತೆ, ಇಲ್ಲವಾದರೆ ಬೆಳಗ್ಗೆಯೇ ಬೇಯಿಸಿ ಬಿಸಿ ಡಬ್ಬಿಗೆ ತುಂಬಿ, ಮೊದಲ ನಿಲುಗಡೆಯಲ್ಲೇ ಮುಗಿಸಿ. ಪುಡಿ ಹಾಲಾದರೆ 70 ಡಿಗ್ರಿಗಿಂತ ಬಿಸಿ ನೀರಲ್ಲಿ ಕಲಸಿ ಆರಿಸಿ ಕೊಡಿ, ಕಲಸಿದ್ದು ಎರಡು ಗಂಟೆ ದಾಟಿದರೆ ಚೆಲ್ಲಿ. ಯಾಲಕ್ಕಿ ಬಾಳೆಹಣ್ಣು ಗಾಡಿ ನಿಂತಾಗ ಕಿವುಚಿ ಕೊಡಬಹುದು. ಓಡೋ ಗಾಡಿಯಲ್ಲಿ ಕಡಲೆಬೀಜ, ಇಡೀ ದ್ರಾಕ್ಷಿ, ಮಗಳಿಗೂ ಬೇಡ. ಗಂಟಲಿಗೆ ಸಿಕ್ಕಿದರೆ ಹಿಂದೆ ತಿರುಗಿ ನೋಡೋಕೂ ಆಗಲ್ಲ.

ಎದೆಹಾಲು ಕೊಡೋದು ಗಾಡಿ ನಿಲ್ಲಿಸಿಯೇ. ಇದನ್ನ ಪ್ರಯಾಣದ ಸಮಯಕ್ಕೆ ಸೇರಿಸಿಕೊಳ್ಳಿ, ಒಂದೊಂದು ಸಲಕ್ಕೆ 20 ನಿಮಿಷ.

ಮಕ್ಕಳ_ವಾರ್ಡ್

ಅದಕ್ಕೇ ಸೇರಿಸ್ತೀನಿ, ಮಗುವನ್ನ ಆ ಸೀಟಲ್ಲಿ ಒಂದೇ ಸಮನೆ ಎರಡು ಗಂಟೆಗಿಂತ ಹೆಚ್ಚು ಕೂರಿಸಬಾರದು. ನಿದ್ದೆ ಮಾಡ್ತಿದೆ ಪಾಪ ಅಂತ ಮೂರು ಗಂಟೆ ಓಡಿಸಬೇಡಿ. ಎತ್ತಿ, ಮಲಗಿಸಿ, ಕೈಕಾಲು ಆಡಿಸಿ. ಬಿಸಿಲು ಬಂತು ಅಂತ ಸೀಟಿನ ಮೇಲೆ ಬಟ್ಟೆ ಮುಚ್ಚಬೇಡಿ, ಒಳಗೆ ಗಾಳಿ ಸುಳಿಯಲ್ಲ.

ಹಾಸನ_ಬೈಪಾಸ್

ಎರಡು ಗಂಟೆ ಲೆಕ್ಕ ಹಿಡಿದರೆ ಮೂರನೇ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ತು. ಬೆಂಗಳೂರಿಂದ ಹಾಸನ 185 ಕಿಮೀ, ಬೆಳಗ್ಗೆ 5ಕ್ಕೆ ಹೊರಟರೆ ನಡುವೆ ಬೆಳ್ಳೂರು ಕ್ರಾಸ್ ಹತ್ತಿರ ಒಂದು ನಿಲುಗಡೆ ಸೇರಿ 8.30ಕ್ಕೆ ಹಾಸನ. ಅಲ್ಲಿ ತಿಂಡಿ ಮುಕ್ಕಾಲು ಗಂಟೆ. ಸಕಲೇಶಪುರ ಇನ್ನು 40 ಕಿಮೀ, ಅಲ್ಲಿ ಇನ್ನೊಂದು ನಿಲುಗಡೆ. 11ಕ್ಕೆ ಘಾಟಿ, ಮಧ್ಯಾಹ್ನ 1ಕ್ಕೆ ಕುಕ್ಕೆ. ಮಳೆ, ಲಾರಿ ಸಾಲು ಇದ್ದರೆ 2.30 ಅಂತಲೇ ಲೆಕ್ಕ ಹಾಕಿ. ಆಗುತ್ತೆ. ಆದರೆ ಅದೇ ದಿನ ಧರ್ಮಸ್ಥಳವನ್ನೂ ಮಾಡಿ ಕತ್ತಲಲ್ಲಿ ವಾಪಸ್ ಘಾಟಿ ಹತ್ತೋದು ಬೇಡ. ಮೊದಲ ದಿನ ಕುಕ್ಕೆಯಲ್ಲೇ ಉಳೀರಿ. ಶುಕ್ರವಾರ ಸಂಜೆ ಹೊರಡೋ ಯೋಚನೆಯಿದ್ದರೆ ಬಿಡಿ, ನಗರ ದಾಟೋಕೇ ಎರಡು ಗಂಟೆ ಬೇಕು.

ಘಟ್ಟದ_ಕೆಳಗಿನವ

ಶ್ರಾವಣದಲ್ಲಿ ನಾಗರ ಪಂಚಮಿ ಉಂಟಲ್ಲ, ಆ ವಾರ ಕುಕ್ಕೆಯಲ್ಲಿ ಕಾಲಿಡ್ಲಿಕ್ಕೆ ಜಾಗ ಇರುದಿಲ್ಲ. ಶನಿವಾರ ಭಾನುವಾರವೂ ಬೇಡ. ಮಂಗಳವಾರ ಬುಧವಾರ ರಜೆ ಹಾಕಿ. ರೂಮು ಮೊದಲೇ ಗೊತ್ತುಮಾಡಿ, ಮಕ್ಕಳನ್ನು ಎತ್ತಿಕೊಂಡು ಮಳೆಯಲ್ಲಿ ರೂಮು ಹುಡುಕುದು ಕಷ್ಟ. ಘಾಟಿಯಲ್ಲಿ ನೆಟ್‌ವರ್ಕ್ ಹೋಗ್ತದೆ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. 112 ಪೊಲೀಸ್, 108 ಆಂಬುಲೆನ್ಸ್, ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033. ಇದನ್ನು ಕಾಗದದಲ್ಲಿ ಬರೆದು ಅಮ್ಮನ ಹತ್ರ ಕೊಟ್ಟಿರಿ.

ನೆಲಮಂಗಲ_ಕ್ರಾಸ್

ಎಲ್ಲರಿಗೂ ತುಂಬಾ ಧನ್ಯವಾದ. ಈಗ ಆಗಿರೋ ತೀರ್ಮಾನ: ಮುಂದಿನ ವಾರ ಮೊದಲ ಸರ್ವಿಸ್. ಫಾಸ್ಟ್ಯಾಗ್ ಇನ್ನೂ ಚಾಸಿ ನಂಬರಲ್ಲೇ ಇದೆ, ನೋಡಿದೆ, ಇವತ್ತೇ ಬದಲಿಸ್ತೀನಿ. ಎರಡು ಸೀಟು, ಕುಣಿಗಲ್ ಟ್ರಯಲ್. ಪಂಚಮಿ ಕಳೆದ ಮೇಲಿನ ಮಂಗಳವಾರ ಹೊರಟು ಕುಕ್ಕೆಯಲ್ಲಿ ಒಂದು ರಾತ್ರಿ, ಧರ್ಮಸ್ಥಳದಲ್ಲಿ ಒಂದು ರಾತ್ರಿ. ಗುರುವಾರ ಬೆಳಗ್ಗೆ ಪೆರಿಯಶಾಂತಿ ಮೇಲೆ ವಾಪಸ್. ಲಗೇಜ್ ಹೇಗೆ ತುಂಬೋದು? ಡಿಕ್ಕಿ ಚಿಕ್ಕದು, ಸ್ಟ್ರಾಲರ್ ಬೇರೆ ಇದೆ.

ಪುಟ್ಟನ_ಅಮ್ಮ

ಸ್ಟ್ರಾಲರ್ ಬಿಟ್ಟು ಹೋಗಿ. ದೇವಸ್ಥಾನದ ಸರದಿ, ಮೆಟ್ಟಿಲಲ್ಲಿ ಅದು ಹೊರೆ. ಎದೆಗೆ ಕಟ್ಟೋ ಚೀಲ ಸಾಕು.

ಸ್ಪ್ಯಾನರ್_14

ಭಾರದ ಸೂಟ್‌ಕೇಸ್ ಕೆಳಗೆ, ಸೀಟಿನ ಬೆನ್ನಿಗೆ ಒತ್ತಿ. ಹಿಂದಿನ ಗಾಜಿನ ಕೆಳಗಿನ ಹಲಗೆ ಮೇಲೆ ಏನೂ ಇಡಬೇಡಿ. ಗಟ್ಟಿಯಾಗಿ ಬ್ರೇಕ್ ಹಾಕಿದರೆ ನೀರಿನ ಬಾಟಲಿ ನೇರ ಮಕ್ಕಳ ತಲೆಗೆ ಬರುತ್ತೆ. ಡೈಪರ್, ಒಂದು ಜೊತೆ ಬಟ್ಟೆ, ಹಳೇ ಪೇಪರು, ಕವರ್ ಇರೋ ಚೀಲ ಮಾತ್ರ ಡಿಕ್ಕಿಗೆ ಹೋಗದೆ ಅಜ್ಜಿ ಕಾಲ ಬಳಿ ಇರಲಿ.

ಸಾಮಾನು ತುಂಬೋ ಮುಂಚೆ ಒಂದು ಕೆಲಸ ಮಾಡಿ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ನೋಡಿ. ಈಗಿನ ಗಾಡಿಗಳಲ್ಲಿ ಅದು ಸಣ್ಣ ಅಳತೆಯದ್ದು ಇರಬಹುದು, ಅದರ ಮೇಲೇ ಗಂಟೆಗೆ 80 ಕಿಮೀ ವೇಗದ ಮಿತಿ ಅಂತ ಬರೆದಿರುತ್ತೆ. ಕೆಲವದರಲ್ಲಿ ಸ್ಟೆಪ್ನಿ ಬದಲು ಪಂಕ್ಚರ್ ಕಿಟ್ ಕೊಟ್ಟಿರುತ್ತಾರೆ. ಜಾಕಿ, ವ್ಹೀಲ್ ಪಾನಾ, ಟೋ ಮಾಡೋ ಕೊಂಡಿ ಮೂರೂ ಇದಾವಾ ನೋಡಿ. ಮನೆ ಮುಂದೆ ಒಂದು ಚಕ್ರದ ನಟ್ ಸಡಿಲಿಸಿ ನೋಡಿ. ಗನ್ನಲ್ಲಿ ಬಿಗಿದ ಹೊಸ ನಟ್ ಚಿಕ್ಕ ಪಾನಾಕ್ಕೆ ಬಗ್ಗದಿದ್ದರೆ ಸರ್ವಿಸಲ್ಲಿ ಹೇಳಿ, ಕಂಪನಿ ಹೇಳಿದ ಬಿಗಿಗೆ ಸರಿ ಮಾಡಿಸಿ. ಅಲಾಯ್ ಚಕ್ರಕ್ಕೆ ಲಾಕ್ ನಟ್ ಇದ್ದರೆ ಅದರ ಕೀ ಎಲ್ಲಿದೆ ಅಂತಲೂ ನೋಡಿ. ಎಷ್ಟೋ ಜನ ಅದನ್ನ ಎರಡನೇ ಕೀ ಜೊತೆ ಮನೆ ಬೀರುವಲ್ಲೇ ಇಟ್ಟು ಹೊರಟಿರುತ್ತಾರೆ.

ನೆಲಮಂಗಲ_ಕ್ರಾಸ್

ಈಗಲೇ ಹೋಗಿ ನೋಡಿದೆ. ಲಾಕ್ ನಟ್ ಇದೆ, ಕೀ ಬೀರುವಲ್ಲೇ ಇತ್ತು. ಗ್ಲವ್ ಬಾಕ್ಸಿಗೆ ಹಾಕಿದೆ.